ಧಾರವಾಡ ಖಾಲಿ

ನಮ್ಮ ಊರಿನಲ್ಲಿ ಆಗ ಇದ್ದದ್ದು ಎರಡೇ ರೇಡಿಯೋ. ಒಂದು ಅಂಗಡಿ ಸಾವಕಾರರದು, ಇನ್ನೊಂದು ನಮ್ಮದು. ಒಂದೇ ಇದ್ದಿದ್ದರೆ ಜನ ಸುಮ್ಮನೆ ಕೇಳಿಕೊಂಡು ಹೋಗುತ್ತಿದ್ದರು. ಎರಡಾದದ್ದರಿಂದ ಯಾವುದು ಮೇಲು, ಯಾವುದು ಕೀಳು ಎಂಬ ಮಾತು ಹುಟ್ಟಿತು. ಮಹಾರಾಷ್ಟ್ರದ ಗಡಿಯೊಳಗೆ ಮಾಡಗ್ಯಾಳದ ಮಗ್ಗುಲಿನ ಊರು ನಮ್ಮದು, ಕುರಿ ಸಾಕುವವರ ಊರು. ಎರಡು ಟಗರು ಕಂಡರೆ ಎದುರುಬದುರು ನಿಲ್ಲಿಸಿ ನೋಡದೆ ನಮ್ಮವರಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ರೇಡಿಯೋಗಳನ್ನೂ ಹಾಗೆಯೇ ನಿಲ್ಲಿಸಿದರು. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಹನ್ನೊಂದು ವರ್ಷ.

ಸಾವಕಾರರ ರೇಡಿಯೋ ಸೊಲ್ಲಾಪುರದಿಂದ ಬಂದದ್ದು. ಬಸ್ಸಿನಲ್ಲಿ ಅದನ್ನು ಬೇರೆಯವರ ಕೈಗೆ ಕೊಡದೆ ತೊಡೆಯ ಮೇಲೆ ಇಟ್ಟುಕೊಂಡೇ ತಂದರಂತೆ. ತೇಗದ ಪೆಟ್ಟಿಗೆ, ಮುಂದೆ ಜರಿಯಂಥ ಬಟ್ಟೆ, ಊರುಗಳ ಹೆಸರು ಬರೆದ ಗಾಜು. ಗುಂಡಿ ತಿರುವಿದ ಕೂಡಲೇ ಮಾತಾಡುವ ಹಗುರ ಸ್ವಭಾವ ಅದಕ್ಕಿರಲಿಲ್ಲ. ಒಳಗಿನ ಗಾಜಿನ ಬುಡ್ಡಿಗಳು ಕಾದು ಬಿಸಿಯಾಗಬೇಕು, ಅಷ್ಟರಲ್ಲಿ ಸಾವಕಾರರು ಒಂದು ಎಲೆ ಅಡಿಕೆ ಮುಗಿಸುತ್ತಿದ್ದರು. ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಮೋಟಾರು ಗಾಡಿಯ ಬ್ಯಾಟರಿಯಂಥ ದೊಡ್ಡ ಬ್ಯಾಟರಿಯನ್ನು ತಾಲೂಕಿನ ಊರಾದ ಜತ್ತಕ್ಕೆ ಒಯ್ದು ತುಂಬಿಸಿಕೊಂಡು ಬರಬೇಕು. ಮಾಳಿಗೆಯ ಮೇಲೆ ಎರಡು ಬಿದಿರು ನಿಲ್ಲಿಸಿ ತಾಮ್ರದ ತಂತಿ ಎಳೆದಿದ್ದರು. ಇಷ್ಟೆಲ್ಲ ಸೇವೆ ಮಾಡಿಸಿಕೊಂಡ ಮೇಲೆ ಅದು ಬಾಯಿ ಬಿಟ್ಟರೆ ಮಾತ್ರ ದನಿ ತುಂಬಿ ಬರುತ್ತಿತ್ತು, ಅದು ಸುಳ್ಳಲ್ಲ.

ನಮ್ಮದು ಅಪ್ಪ ಎರಡು ಟಗರು ಮಾರಿ ಸಾಂಗಲಿಯಿಂದ ತಂದದ್ದು. ಕಂಪನಿಯ ಹೆಸರಿಲ್ಲ. ಒಂದು ಓಣಿಯ ಅಂಗಡಿಯವನು ತಾನೇ ಕೂಡಿಸಿ ಮಾಡಿದ್ದು. ಕೆಂಪು ಬಣ್ಣ, ಅಂಗೈ ಎರಡು ಸೇರಿಸಿದರೆ ಎಷ್ಟೋ ಅಷ್ಟು. ನಾಲ್ಕು ಸೆಲ್ಲು ಹಾಕಿದರೆ ಕೂಗುತ್ತಿತ್ತು. ಸೆಲ್ಲು ಸೋತರೆ ಅವನ್ನು ಬಿಸಿಲಿಗೆ ಇಟ್ಟು, ಸಂಡಿಗೆ ಒಣಗಿಸಿದಂತೆ ಒಣಗಿಸಿ, ಮತ್ತೆ ಹಾಕಿದರೆ ಇನ್ನೆರಡು ದಿನ ಕೂಗುತ್ತಿತ್ತು.

ಅಪ್ಪ ತಂದ ದಿನ ಮನೆಯವರೆಲ್ಲ ಸುತ್ತ ಕುಳಿತೆವು. ಅವ್ವ, ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕ, ನಾನು. ಸಾಂಗಲಿ ಕೇಂದ್ರ ಚೆನ್ನಾಗಿ ಬಂತು, ಮರಾಠಿ ಹಾಡು. ಮರಾಠಿ ನಮಗೆ ಪರಕೀಯವೇನಲ್ಲ. ಸಂತೆ ಮರಾಠಿ, ಕಚೇರಿ ಮರಾಠಿ, ಬಸ್ಸಿನ ಬೋರ್ಡು ಮರಾಠಿ. ಆದರೆ ಪೆಟ್ಟಿಗೆಯೊಳಗಿಂದ ನಮ್ಮ ಮಾತು ಕೇಳಬೇಕೆಂದರೆ ಧಾರವಾಡವೇ ಬರಬೇಕು.

‘ಧಾರವಾಡ ಹಚ್ಚರಿ ನೋಡೂಣು,’ ಅಂದಳು ಅವ್ವ.

ಅಪ್ಪ ಮುಳ್ಳನ್ನು ಆ ಕಡೆ ಈ ಕಡೆ ತಿರುವಿದ. ಬರೀ ಗೊರ್ ಎನ್ನುವ ಸದ್ದು. ‘ಬರತೈತಿ ಅಂದಿದ್ನಲ್ಲ ಅಂಗಡ್ಯಾಂವ. ನನಗ ನೆನಪ ಉಳಿಯೂದಿಲ್ಲಂತ ಹಿಂದ ಚೀಟಿ ಅಂಟಿಸಿ ಕೊಟ್ಟಾನ,’ ಅಂದು ರೇಡಿಯೋ ತಿರುಗಿಸಿ ನನ್ನ ಮುಂದೆ ಹಿಡಿದ. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಅಕ್ಕ ಮೂರನೆಯ ಇಯತ್ತೆಗೇ ಸಾಲೆ ಬಿಟ್ಟು, ಮಾಸ್ತರರು ಹಾಡಿಗೆ ಕರೆದಾಗ ಮಾತ್ರ ಹೋಗಿ ಬರುತ್ತಿದ್ದವಳು. ಮನೆಯಲ್ಲಿ ಓದು ಅಂದರೆ ನಾನು. ಕನ್ನಡ ಸಾಲೆಯವಳಾದರೂ ಆ ವರ್ಷವೇ ಹಿಂದಿ ಶುರುವಾಗಿ ದೇವನಾಗರಿ ಅಕ್ಷರ ಕಲಿತಿದ್ದೆ, ಅದರ ಸೊಕ್ಕೂ ಇತ್ತು. ಸಣ್ಣದೊಂದು ಕರೀ ಗುಂಡಿಯ ಪಕ್ಕದಲ್ಲಿ ಚೀಟಿ. ಅದರಲ್ಲಿ ಎರಡೇ ಮಾತು: ಧಾರವಾಡ, ಒಂದು ಗೆರೆ, ಖಾಲೀ.

‘ಇದರಾಗ ಧಾರವಾಡ ಇಲ್ಲಂತಪ್ಪ. ಖಾಲಿ ಅಂತ ಬರದಾರ,’ ಅಂದೆ.

ಅಪ್ಪನ ಮುಖ ಸಣ್ಣದಾಯಿತು. ರೇಡಿಯೋ ಕೆಳಗಿಟ್ಟು, ‘ಬಾಯಿಲೆ ಬರತೈತಿ ಅಂದಾನ. ಕಾಗದದಾಗ ಖಾಲಿ ಅಂತ ಬರದಾನ. ಬಾಯಿ ಸುಳ್ಳ ಹೇಳತೈತಿ, ಕಾಗದ ಹೇಳೂದಿಲ್ಲ ಬಿಡು,’ ಅಂದ. ಓದು ಬಾರದವರು ಬರೆದದ್ದನ್ನು ನಂಬಿದಷ್ಟು ಓದು ಬಂದವರು ನಂಬುವುದಿಲ್ಲ. ಹಿಂದಿನ ಆ ಗುಂಡಿ ರಿಪೇರಿಯವರ ಗುಂಡಿ ಇರಬೇಕು, ಯಾರೂ ಕೈ ಹಚ್ಚಬೇಡಿ ಎಂದೂ ಹೇಳಿದ. ಅವ್ವ ಹಳೆಯ ಕಂಬಳಿಯ ತುಂಡಿನಿಂದ ರೇಡಿಯೋಗೆ ಒಂದು ಚೀಲ ಹೊಲಿದಳು. ಮುಂದೆ ಗುಂಡಿಗಳಿಗೆ ತೆರಪು, ಸೆಲ್ಲಿಗೆ ಕೆಳಗೆ ಒಂದು ಬಾಯಿ, ಬೆನ್ನು ಪೂರ್ತಿ ಮುಚ್ಚಿತು.

ಅಲ್ಲಿಂದ ಕಟ್ಟೆಯ ಮೇಲೆ ವಾದ ಶುರು. ಸಾವಕಾರರ ಕಡೆಯವರು, ‘ಕಟ್ಟಿಗೀದು ಅದು, ಹತ್ತ ವರ್ಷ ಏನೂ ಆಗೂದಿಲ್ಲ. ನಿಮ್ಮದು ಆಟಗಿ ಸಾಮಾನು,’ ಅನ್ನುತ್ತಿದ್ದರು. ಅಪ್ಪ ಬಿಡುವವನಲ್ಲ. ‘ಹತ್ತ ವರ್ಷ ಇದ್ದಲ್ಲೇ ಕುಂದ್ರಾಕ ಅದೇನ ದೇವ್ರೇನು? ಹೆಗಲಿಗೆ ಹಾಕ್ಕೊಂಡ ಕುರಿ ಹಿಂದ ಸೋನ್ಯಾಳತನಕ ಹೋಗಿ ಬರ್ರಿ ನೋಡೂಣು,’ ಅನ್ನುವನು. ಲೆಕ್ಕ ಹಾಕಿದರೆ ಅಪ್ಪನ ಮಾತಿಗೆ ತೂಕವಿತ್ತು. ನಮ್ಮದು ಒಮ್ಮೆ ಬಂಡೆಯ ಮೇಲಿಂದ ಬಿತ್ತು, ಒಮ್ಮೆ ಟಗರು ಗುದ್ದಿತು, ಒಮ್ಮೆ ಧೂಳಿನ ಗಾಳಿಗೆ ಸಿಕ್ಕಿ ಮಣ್ಣು ತಿಂದಿತು. ಪ್ರತಿ ಸಲವೂ ಎರಡು ಏಟು ಹಾಕಿದರೆ ಮತ್ತೆ ಹಾಡುತ್ತಿತ್ತು. ಸಾವಕಾರರದು ಆಷಾಢದ ಗಾಳಿಗೆ ತಂತಿ ಕಿತ್ತುಕೊಂಡು ಎಂಟು ದಿನ ಮೂಕಾಗಿತ್ತು. ಆದರೂ ಕೊನೆಗೆ ಅವರು ಒಂದೇ ಮಾತಿನಲ್ಲಿ ಅಪ್ಪನ ಬಾಯಿ ಮುಚ್ಚಿಸುತ್ತಿದ್ದರು. ‘ಎಲ್ಲಾ ಖರೆ. ಧಾರವಾಡ ಬರತೈತೇನು?’

ನಮ್ಮ ರೇಡಿಯೋಗೆ ಊರಲ್ಲಿ ‘ಧಾರವಾಡ ಖಾಲಿ’ ಎಂದೇ ಹೆಸರು ಬಿತ್ತು. ತಲೆಯಲ್ಲಿ ಸ್ವಲ್ಪ ಕಡಿಮೆ ಇದ್ದವರನ್ನು ಕಂಡರೂ ಹುಡುಗರು ಧಾರವಾಡ ಖಾಲಿ ಎಂದು ನಗತೊಡಗಿದರು. ನಾನೂ ನಕ್ಕಿದ್ದೇನೆ.

ಮುಂದಿನ ವರ್ಷ ಅಕ್ಕನ ಹಾಡು ಬಂತು. ನಮ್ಮ ಅವ್ವನಿಗೆ ಬೀಸುವ ಹಾಡು ಲೆಕ್ಕವಿಲ್ಲದಷ್ಟು ಬರುತ್ತಿದ್ದವು. ಅವಳ ಅವ್ವನಿಂದ ಬಂದವು, ಕೆಲವು ಬೀಸುತ್ತ ಬೀಸುತ್ತ ತಾನೇ ಕಟ್ಟಿದವು. ಅವನ್ನೆಲ್ಲ ಅಕ್ಕ ಕಲಿತಿದ್ದಳು. ಅಕ್ಕನ ದನಿ ಹೇಗಿತ್ತು ಎಂದು ಬರೆಯಲು ಹೋದರೆ ನನಗೆ ಆಗುವುದಿಲ್ಲ. ಕನ್ನಡ ಸಾಲೆಯ ಮಾಸ್ತರರು ಅದನ್ನು ಕೇಳಿ ಧಾರವಾಡ ಕೇಂದ್ರಕ್ಕೆ ಪತ್ರ ಬರೆದರು. ನಾಲ್ಕು ಹೆಣ್ಣುಮಕ್ಕಳನ್ನು ಕರೆದುಕೊಂಡು ಬನ್ನಿ, ಹಳ್ಳಿಯ ಹಾಡುಗಳ ಕಾರ್ಯಕ್ರಮವಿದೆ ಎಂದು ಅಲ್ಲಿಂದ ಉತ್ತರ ಬಂತು.

ಮನೆಯಲ್ಲಿ ದೊಡ್ಡ ಜಗಳ. ಅಕ್ಕನ ಮದುವೆ ಗೊತ್ತಾಗಿತ್ತು. ಗಂಡಿನವರು ಸೊಲ್ಲಾಪುರದಲ್ಲಿ ಮಿಲ್ಲಿನ ಕೆಲಸದವರು, ಬಿಗಿ ಜನ. ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಬಾಗಿಲಲ್ಲಿ ನಿಂತೇ ಹೇಳಿದ: ‘ಹೆಣ್ಣಮಗಳ ದನಿ ಹೊಸ್ತಿಲಾ ದಾಟಬಾರ್ದು. ಬೀಗರಿಗೆ ಗೊತ್ತಾದ್ರ ಏನಂದಾರು?’ ಅವ್ವ ದೊಡ್ಡಪ್ಪನೆದುರು ಎಂದೂ ಮಾತಾಡಿದವಳಲ್ಲ. ಅವತ್ತು ಸೆರಗು ಸರಿಮಾಡಿಕೊಂಡು, ‘ಮದಿವಿ ಆದಮ್ಯಾಲ ಅಕೀ ದನಿ ಅವರದಾಗತೈತಿ ಭಾವಾರ. ಈಗಿನ್ನೂ ನಂದು,’ ಅಂದಳು. ಅಕ್ಕ ಇನ್ನು ಮೂವರು ಹುಡುಗಿಯರೊಂದಿಗೆ ಮಾಸ್ತರರ ಜೊತೆ ಧಾರವಾಡಕ್ಕೆ ಹೋದಳು. ಅವ್ವ ಕಲಿಸಿದ ಹಾಡನ್ನೇ ಹಾಡಿ, ಮೂರನೆಯ ದಿನ ಬಂದಳು.

ಅದು ಇಂಥ ದಿನ ಸಂಜೆ ಹೊತ್ತು ಮುಳುಗುವ ಮುಂಚೆ ಬರುತ್ತದೆ, ಒಮ್ಮೆ ಮಾತ್ರ ಬರುತ್ತದೆ ಎಂದು ಮಾಸ್ತರರು ತಿಳಿಸಿದರು. ಅವ್ವ ಆ ಹದಿನೈದು ದಿನ ಬೇರೆಯೇ ಆಗಿಬಿಟ್ಟಳು. ‘ನೀ ದಿನಾ ಕೇಳ್ತೀಯಲ್ಲ ಯವ್ವಾ, ಮತ್ತೇನ ಕೇಳ್ತಿ ಅದರಾಗ?’ ಎಂದು ಅಕ್ಕ ನಾಚಿದರೆ ಅವ್ವ ಹೇಳಿದಳು: ‘ಮನ್ಯಾಗ ಕೇಳೂದು ಬ್ಯಾರೆ. ನಮ್ಮವ್ವನ ಹಾಡು ಊರಮ್ಯಾಲ ಹಾದು ಹೋಗೂದು ಕೇಳಬೇಕು ನಾ. ಅಷ್ಟ ಕೇಳಿ ನಿನ್ನ ಕೊಟ್ಟು ಕಳಸ್ತೀನಿ.’ ಅವ್ವ ತನಗೆಂದು ಏನನ್ನಾದರೂ ಕೇಳಿದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಆ ಸಂಜೆ ಊರಿನ ಹೆಂಗಸರೆಲ್ಲ ಸಾವಕಾರರ ಪಡಸಾಲೆಯಲ್ಲಿ ಸೇರಿದರು. ಅವ್ವ ಮದುವೆಗೆಂದು ತಂದಿದ್ದ ಇಳಕಲ್ ಸೀರೆ ಉಟ್ಟಿದ್ದಳು. ಸಾವಕಾರರು ನಿಜವಾಗಿಯೂ ದೊಡ್ಡ ಮನುಷ್ಯರು. ಬ್ಯಾಟರಿ ತುಂಬಿಸಿ ತಂದಿದ್ದರು, ಮಾಳಿಗೆ ಹತ್ತಿ ತಂತಿ ಬಿಗಿದಿದ್ದರು. ‘ಮುಂದ ಬರ್ರಿ, ಇಲ್ಲೇ ಕುಂದ್ರರಿ,’ ಎಂದು ಅವ್ವನನ್ನು ಕರೆದು ರೇಡಿಯೋ ಪಕ್ಕ ಕೂಡಿಸಿದರು. ಅಕ್ಕ ಕಂಬದ ಮರೆಯಲ್ಲಿ. ಗುಂಡಿ ತಿರುವಿದರು. ಗಾಜಿನ ಹಿಂದೆ ದೀಪ ಹತ್ತಿತು. ಎಲೆ ಅಡಿಕೆಯ ಹೊತ್ತು ಕಳೆಯಿತು. ಗುಂಯ್ ಎನ್ನುವ ಸದ್ದು ಬಂತು, ದನಿ ಬರಲಿಲ್ಲ. ಮತ್ತೆ ತಿರುವಿದರು, ತಟ್ಟಿದರು, ತಂತಿ ನೋಡಲು ಒಬ್ಬರನ್ನು ಮೇಲೆ ಕಳಿಸಿದರು. ಹಿಂದಿನ ಹಲಗೆ ಬಿಚ್ಚಿ ನೋಡಿದರೆ ಒಳಗೆ ಒಂದು ಬುಡ್ಡಿ ಕಪ್ಪಾಗಿ ಕೂತಿತ್ತು. ಸುಟ್ಟ ವಾಸನೆ ಪಡಸಾಲೆಗೆಲ್ಲ ಹರಡಿತು.

‘ನಿಮ್ಮ ರೇಡಿಯೋ ಎಲ್ಲೈತಿ? ಲಗೂನ ತರ್ರಿ,’ ಅಂದರು ಮಾಸ್ತರರು.

ಅವರು ಬೇರೆ ಊರಿನವರು, ಅದರ ಅಡ್ಡಹೆಸರಿನ ಕತೆ ಅವರಿಗೆ ಗೊತ್ತಿರಲಿಲ್ಲ. ಅಪ್ಪ ಮನೆಯ ಕಡೆ ಎರಡು ಹೆಜ್ಜೆ ಇಟ್ಟೂ ಬಿಟ್ಟ. ನಾನು ಎದ್ದು ನಿಂತು, ಇಷ್ಟು ಜನರ ಮುಂದೆ ಮತ್ತೆ ನಗೆಗೀಡಾಗುತ್ತೇವಲ್ಲ ಎಂಬ ಸಿಟ್ಟಿನಲ್ಲಿ, ‘ಅದನ್ನ ತಂದ ಏನ ಮಾಡ್ತೀರಿ ಮಾಸ್ತರ, ಅದಕ್ಕ ಧಾರವಾಡ ಖಾಲಿ ಐತ್ರಿ,’ ಅಂದೆ. ಯಾರೋ ಕಿಸಕ್ಕೆಂದರು. ಅಪ್ಪ ನಿಂತುಬಿಟ್ಟ. ನಮ್ಮ ಮನೆಗೂ ಸಾವಕಾರರ ಮನೆಗೂ ನಡುವೆ ಇದ್ದದ್ದು ಒಂದು ಬೇವಿನ ಗಿಡ, ಒಂದು ದನದ ಗೋದಲಿ.

ಹೊತ್ತು ಮುಳುಗಿತು. ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಅವ್ವ ಎಲ್ಲರಿಗಿಂತ ಕೊನೆಗೆ ಎದ್ದು, ಸಾವಕಾರರಿಗೆ, ‘ನೀವೇನ ಮಾಡ್ತೀರಿ ಬಿಡ್ರಿ, ಯಂತ್ರದ ಕೆಲಸ,’ ಎಂದು ಸಮಾಧಾನ ಹೇಳಿ ಬಂದಳು. ಮನೆಯಲ್ಲಿ ಅಕ್ಕನಿಗೆ, ‘ಒಮ್ಮಿ ಹಾಡ,’ ಅಂದಳು. ಅಕ್ಕ ಬಾಯಿ ತೆರೆದಳು, ಅಳು ಬಂತು. ತಿಂಗಳೊಳಗೆ ಮದುವೆಯಾಗಿ ಸೊಲ್ಲಾಪುರಕ್ಕೆ ಹೋದಳು. ಅಲ್ಲಿ ಹಾಡು ನಡೆಯುವುದಿಲ್ಲ ಎಂದು ಮೊದಲ ಕಾಗದದಲ್ಲೇ ಮಾಸ್ತರರು ಕಲಿಸಿದ ವಕ್ರ ಅಕ್ಷರಗಳಲ್ಲಿ ಬರೆದಳು. ಅಕ್ಕನ ಕಾಗದಗಳನ್ನೆಲ್ಲ ಅವ್ವನಿಗೆ ಓದುತ್ತಿದ್ದವಳು ನಾನು. ಎರಡೆರಡು ಸಲ ಓದಿಸುತ್ತಿದ್ದಳು.

ಮೂರು ವರ್ಷ ಕಳೆಯಿತು. ಸೆಲ್ಲು ಸೋರಿ ನಮ್ಮ ರೇಡಿಯೋ ನಿಂತಿತು. ಅಪ್ಪ ಕುರಿಗಳ ಜೊತೆ ದೂರ ಹೋಗಿದ್ದ. ಸಂತೆಗೆ ಹೋದಾಗ ಅವ್ವ ಮತ್ತು ನಾನು ಅದನ್ನು ಜತ್ತದಲ್ಲಿ ರಿಪೇರಿಯವರ ಅಂಗಡಿಗೆ ಒಯ್ದೆವು. ಆತ ಮರಾಠಿಯವನು, ವಯಸ್ಸಾದವನು. ಕಂಬಳಿ ಚೀಲದ ಹೊಲಿಗೆ ಬಿಚ್ಚಿ, ಕಿಲುಬು ಕೆರೆದು, ಹೊಸ ಸೆಲ್ಲು ಹಾಕಿದ. ಸಾಂಗಲಿ ಮಾತಾಡಿತು. ಆಮೇಲೆ ಬೆನ್ನು ತಿರುಗಿಸಿ ಚೀಟಿ ನೋಡಿ, ‘ಧಾರವಾಡ ಖಾಲೀ,’ ಎಂದು ತನ್ನಷ್ಟಕ್ಕೆ ಓದಿಕೊಂಡು ಆ ಕರೀ ಗುಂಡಿಯನ್ನು ಹೆಬ್ಬೆರಳಿನಿಂದ ಕೆಳಕ್ಕೆ ಸರಿಸಿದ. ಮುಳ್ಳು ತುಸು ತಿರುವಿದ. ಜೋಳಕ್ಕೆ ಬೀಳುವ ಹುಳುವಿನ ಬಗ್ಗೆ ಯಾರೋ ಒಬ್ಬರು ಅಚ್ಚ ಕನ್ನಡದಲ್ಲಿ ಮಾತಾಡತೊಡಗಿದರು.

ಅವ್ವ ನಿಂತಲ್ಲೇ ಆ ಹುಳುವಿನ ಮಾತನ್ನು ಪೂರ್ತಿ ಕೇಳಿದಳು. ಮುಗಿದ ಮೇಲೆ, ‘ಇದು ಯಾವ ಊರಿಂದು?’ ಅಂದಳು.

‘ಧಾರವಾಡ,’ ಅಂದ ಆತ.

ಅವ್ವ ನನ್ನ ಕಡೆ ತಿರುಗಿದಳು. ‘ಸಂತ್ಯಾಗ ಖಾಲೀ ಬಸಾ, ಖಾಲೀ ಬಸಾ ಅಂತಾರಲ್ಲ, ಕೆಳಗ ಕುಂದ್ರು ಅಂತ. ಆ ಖಾಲೀ ಏನ ಇದು?’

ನಾನು ಹೌದೆಂದೆ. ಮರಾಠಿಯಲ್ಲಿ ಖಾಲೀ ಎಂದರೆ ಕೆಳಗೆ. ಗುಂಡಿ ಮೇಲಿದ್ದರೆ ಹತ್ತಿರದ ಕೇಂದ್ರ, ಕೆಳಗೆ ಮಾಡಿದರೆ ದೂರದ್ದು. ಅಷ್ಟನ್ನೇ ಆ ಸಾಂಗಲಿಯ ಪುಣ್ಯಾತ್ಮ ಬರೆದು ಅಂಟಿಸಿದ್ದ. ಅಕ್ಷರ ಬಾರದ ಅವ್ವನಿಗೆ ಗೊತ್ತಿದ್ದ ಮಾತು ಅದು, ಅಪ್ಪನಿಗಂತೂ ನನಗಿಂತ ಚೆನ್ನಾಗಿ ಗೊತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಓದಿದ್ದರೆ ಯಾರಾದರೂ ಹಿಡಿಯುತ್ತಿದ್ದರು. ನಾನು ಓದುವ ಮೊದಲೇ ಅರ್ಥ ಹೇಳಿದೆ. ಚೀಟಿಯಲ್ಲಿದ್ದ ಧಾರವಾಡವನ್ನು ಇಲ್ಲವೆಂದು ಹೇಳಿದವಳು ನಾನು. ಅವತ್ತು ಅಪ್ಪನ ಹೆಜ್ಜೆ ತಡೆದವಳೂ ನಾನೇ.

ಅವ್ವ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ರೇಡಿಯೋವನ್ನು ಮಡಿಲಲ್ಲಿಟ್ಟುಕೊಂಡು ಕಿಡಕಿಯ ಹೊರಗೆ ನೋಡುತ್ತ ಬಂದಳು. ಅಪ್ಪ ಊರಿಗೆ ಬಂದವನೇ ಧಾರವಾಡ ಹಚ್ಚಿಕೊಂಡು ಕಟ್ಟೆಗೆ ಹೋದ. ಬಿದ್ದರೂ ಒಡೆಯಲಿಲ್ಲ, ಎಲ್ಲಿಗೆಂದರೆ ಅಲ್ಲಿಗೆ ಬರುತ್ತದೆ, ಎರಡೂ ಕೇಂದ್ರ ಹಿಡಿಯುತ್ತದೆ, ಇದೇ ಮೇಲು ಎಂದು ಎಲ್ಲರೂ ಒಪ್ಪಿದರು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ ನೋಡು ಎಂದು ಸಾವಕಾರರೇ ಅಂದರಂತೆ. ಅಪ್ಪ ಇದನ್ನೆಲ್ಲ ಹಿಗ್ಗಿನಿಂದ ಹೇಳುವಾಗ ಅವ್ವ ಎದ್ದು ಹಿತ್ತಲಿಗೆ ಹೋದಳು.

ಆಮೇಲೆ ದಿನಾ ಸಂಜೆ ಅವ್ವ ಧಾರವಾಡ ಹಚ್ಚಿ ಕೂಡುತ್ತಿದ್ದಳು. ಒಮ್ಮೆ ಬಂದದ್ದು ಇನ್ನೊಮ್ಮೆ ಬರಬಾರದು ಅಂತೇನಿಲ್ಲವಲ್ಲ ಎಂಬುದು ಅವಳ ಲೆಕ್ಕ. ಬರುವುದಿಲ್ಲ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಇನ್ನೊಂದು ಬದಲಾಯಿತು. ಅಕ್ಕನ ಕಾಗದ ಬಂದರೆ ಅವ್ವ ಅದನ್ನು ನನಗೆ ಕೊಡಲಿಲ್ಲ. ಟಪಾಲಿನ ಅಣ್ಣನನ್ನು ಜಗುಲಿಯ ಮೇಲೆ ಕೂಡಿಸಿ, ನೀರು ಬೆಲ್ಲ ಕೊಟ್ಟು, ಅವರ ಕೈಯಲ್ಲೇ ಓದಿಸಿದಳು. ನಾನು ಒಳಗೆ ರೊಟ್ಟಿ ತಟ್ಟುತ್ತ ಕೇಳಿದೆ. ಏಳನೆಯ ಇಯತ್ತೆ ಪಾಸಾದವಳು, ಊರಿನ ಅರ್ಧ ಮನೆಗಳ ಕಾಗದ ಓದುತ್ತಿದ್ದವಳು. ಅವ್ವ ಇದನ್ನು ಸಿಟ್ಟಿನಿಂದ ಮಾಡಿದಳೋ, ಭಯದಿಂದ ಮಾಡಿದಳೋ, ಇವತ್ತಿಗೂ ನನಗೆ ತಿಳಿದಿಲ್ಲ. ಆದರೆ ನನಗೆ ಬಹಳ ನೋವಾಯಿತು, ಮತ್ತು ಅದು ನನಗೆ ಸಲ್ಲತಕ್ಕದ್ದೇ ಎಂದೂ ಅನ್ನಿಸಿತು.

ಹೀಗೆ ಎರಡು ವರ್ಷ ನಡೆಯಿತು. ಒಂದು ಮಧ್ಯಾಹ್ನ ಟಪಾಲಿನ ಅಣ್ಣ ಸೈಕಲ್ಲಿನಿಂದ ಇಳಿದವರು ಜಗುಲಿಯ ಮೇಲೆ ಕೂಡಲಿಲ್ಲ. ಕೈಯಲ್ಲಿ ಸೊಲ್ಲಾಪುರದಿಂದ ಬಂದ ತಾರು, ತುರ್ತು ಸುದ್ದಿಯ ತಂತಿ ಕಾಗದ. ಎಂಟು ದಿನದ ಹಿಂದಿನ ಕಾಗದದಲ್ಲಿ ಅಕ್ಕನಿಗೆ ಜ್ವರ ಎಂದಿತ್ತು. ಅವರು ನಿಂತೇ ಓದಿದರು. ಮರಾಠಿಯಲ್ಲಿತ್ತು. ‘ಮುಲಗೀ ಗೇಲೀ. ಲಗೇಚ್ ಯಾ.’ ಮಗಳು ಹೋದಳು, ಕೂಡಲೇ ಬನ್ನಿ.

ಅವ್ವ ಅಳಲಿಲ್ಲ. ಅವರ ಕೈಯಿಂದ ಕಾಗದ ತೆಗೆದುಕೊಂಡು ಒಳಗೆ ನನ್ನ ಹತ್ತಿರ ಬಂದಳು. ನನ್ನ ಕೈ ಹಿಟ್ಟಾಗಿತ್ತು. ತನ್ನ ಸೆರಗಿನಿಂದಲೇ ಒರೆಸಿ ಕಾಗದ ಕೊಟ್ಟಳು.

‘ನೀ ಓದು.’

‘ಅವ್ರು ಓದ್ಯಾರಲ್ಲ ಯವ್ವಾ.’

‘ಅವ್ರು ಸರಿ ಓದ್ತಾರ. ನೀ ಓದು. ನೀ ಓದಿದ್ರ ತಪ್ಪ ಇರತೈತಿ.’

ಎರಡು ವರ್ಷ ನಾನು ಕಾದಿದ್ದು ಅವ್ವ ನನ್ನ ಕೈಗೆ ಒಂದು ಕಾಗದ ಕೊಡಲಿ ಎಂದು. ಇದ್ದದ್ದು ನಾಲ್ಕು ಮಾತು. ಹೋದಳು ಅಂದರೆ ಇಲ್ಲಿಗೇ ಹೊರಟಿದ್ದಾಳೆ ಎಂದು ಏಕಾಗಬಾರದು ಎಂದುಕೊಂಡು, ಒಂದನೆಯ ಇಯತ್ತೆಯ ಮಗುವಿನ ಹಾಗೆ ಒಂದೊಂದೇ ಅಕ್ಷರ ಕೂಡಿಸಿ, ಈ ಸಲ ಅರ್ಥ ಹೇಳದೆ, ಇದ್ದದ್ದನ್ನು ಇದ್ದ ಹಾಗೆ ಓದಿದೆ. ಅವ್ವ ನನ್ನ ಬಾಯನ್ನೇ ನೋಡುತ್ತ ನಿಂತಿದ್ದಳು.

‘ಇನ್ನೊಮ್ಮಿ ಓದು,’ ಅಂದಳು.

ಓದಿದೆ.

‘ಇನ್ನೊಮ್ಮಿ,’ ಅಂದಳು.